ಸುದ್ದಿ ತಂದವರು

ಫೈರ್ ಸ್ಟೇಷನ್ನಿನ ಗೋಪುರದ ಮೇಲಿನಿಂದ ಒದ್ದೆ ಪೈಪುಗಳು ಇಳಿಬಿದ್ದಿದ್ದರೆ ನಮ್ಮ ಊರಿನವರಿಗೆ ಬೇರೆ ಸುದ್ದಿ ಬೇಕಾಗಿರಲಿಲ್ಲ. ಎಲ್ಲೋ ಬೆಂಕಿ ಬಿದ್ದಿದೆ, ಇಂಜಿನ್ ಹೋಗಿ ಬಂದಿದೆ ಎಂದು ಅರ್ಥ. ಕ್ಯಾನ್ವಾಸಿನ ಪೈಪನ್ನು ಒದ್ದೆಯಿದ್ದಂತೆಯೇ ಸುತ್ತಿಟ್ಟರೆ ಕೊಳೆತುಹೋಗುತ್ತದೆ. ಹಾಗಾಗಿ ಬೆಂಕಿ ಆರಿಸಿ ಬಂದ ಮೇಲೆ ಅವನ್ನು ಉದ್ದಕ್ಕೂ ಇಳಿಬಿಟ್ಟು ಒಣಗಿಸುತ್ತಿದ್ದರು. ನಲ್ಲಿಯಿಂದ ನೀರು ಹೊತ್ತು ಬರುವ ಹೆಂಗಸರು ತಲೆಯೆತ್ತಿ ನೋಡಿ, ‘ಎಲ್ಲಂತೆ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲಿ ಪೈಪುಗಳು ಒಣಗಲು ಪುರುಸೊತ್ತೇ ಸಿಗಲಿಲ್ಲ. ಅವು ಇಳಿಬಿದ್ದಿದ್ದನ್ನು ಕಂಡಾಗಲೆಲ್ಲ ನಾನು ನೋಡುತ್ತಿದ್ದದ್ದು ಗೋಪುರವನ್ನಲ್ಲ, ನನ್ನ ಅಪ್ಪನ ಮುಖವನ್ನು.

ಆ ಗೋಪುರ ಪೈಪು ಒಣಗಿಸಲು ಕಟ್ಟಿದ್ದಲ್ಲ. ಊರಿಗೆ ಇಂಜಿನ್ ಬರುವ ಮೊದಲು, ಚರ್ಮದ ಚೀಲದಲ್ಲಿ ನೀರು ಹೊತ್ತು, ಕೈಪಂಪಿನ ಗಾಡಿಯನ್ನು ಆಳುಗಳೇ ಎಳೆದುಕೊಂಡು ಓಡುತ್ತಿದ್ದ ಕಾಲದಿಂದಲೂ ಅದು ಕಾವಲು ಗೋಪುರ. ಮೇಲೊಬ್ಬ ಕಾವಲುಗಾರ ಕೂತು ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸುತ್ತಿದ್ದ. ಹೊಗೆ ಕಂಡರೆ ಗಂಟೆ. ಪೇಟೆ ಕಡೆಗಾದರೆ ಒಂದು ಬಗೆಯ ಬಡಿತ, ಕೆರೆಯ ಕಡೆಗಾದರೆ ಇನ್ನೊಂದು. ಆ ಕಾವಲುಗಾರರಲ್ಲಿ ಕೊನೆಯವನು ನನ್ನ ಅಪ್ಪ ಮುದ್ದವೀರಯ್ಯ. ಊರಿನ ಬಡ ಓಣಿಗಳಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ‘ಗೋಪುರದಯ್ಯ’ ಎಂದರೆ ಎಲ್ಲರಿಗೂ ಗೊತ್ತು.

ಆಮೇಲೆ ಸ್ಟೇಷನ್ನಿಗೆ ಟೆಲಿಫೋನ್ ಬಂತು. ಇನ್ನು ಕಾವಲುಗಾರ ಯಾಕೆ ಎಂದು ಮೇಲಿನವರು ಕೇಳಿದರು, ಆ ಹುದ್ದೆಯನ್ನೇ ತೆಗೆದುಹಾಕಿದರು. ಗೋಪುರದ ಗಂಟೆಯನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಿದರು. ಅಪ್ಪನಿಗಾದ ನೋವನ್ನು ತುಸು ಕಡಿಮೆ ಮಾಡೋಣವೆಂದೋ ಏನೋ, ಟೆಲಿಫೋನಿನ ಮುಂದೆ ಕೂರುವ ಕೆಲಸವನ್ನು ನನಗೆ ಕೊಟ್ಟರು. ಸ್ಟೇಷನ್ನಿನ ಹಿಂದಿನ ಮನೆ ಹಾಗೇ ನಮಗೆ ಉಳಿಯಿತು.

‘ನನ್ ಕಣ್ಣು ಬ್ಯಾಡ ಅಂದ್ರು, ನಿನ್ ಕಿವಿ ಸಾಕಂತೆ,’ ಎಂದು ಅಪ್ಪ ಬಂದವರೆದುರೆಲ್ಲ ನಗುತ್ತಿದ್ದ. ಆ ನಗು ನನಗೆ ಯಾವತ್ತೂ ಸರಿಬರಲಿಲ್ಲ. ನಾನು ಹುಟ್ಟಾ ಅನುಮಾನದವಳು. ಹಾಲಿನವನು ಸುಮ್ಮನೆ ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು. ಅದು ಅವ್ವನಿಂದ ಬಂದ ಗುಣ, ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಿದವಳಲ್ಲ.

ಟೆಲಿಫೋನ್ ಬಂದರೂ ಒಂದು ಹಳೆಯ ಪದ್ಧತಿ ಮಾತ್ರ ಹೋಗಲಿಲ್ಲ. ಬೆಂಕಿಯ ಸುದ್ದಿ ತಂದವನು ಇಂಜಿನ್ ಹತ್ತಲೇಬೇಕು. ಡ್ರೈವರ್ ಪಕ್ಕದಲ್ಲಿ ಕೂತು ದಾರಿ ತೋರಿಸಬೇಕು. ಸುದ್ದಿ ಸುಳ್ಳಾದರೆ ವಾಪಸು ಬಂದು ಇಂಜಿನ್ ತೊಳೆಯಬೇಕು, ನಿಜವಾದರೆ ಒಂದು ಲೋಟ ಬೆಲ್ಲದ ಕಾಫಿ. ಚೇಷ್ಟೆಗೆಂದು ಓಡಿಬರುವವರನ್ನು ತಡೆಯಲು ಯಾವುದೋ ಕಾಲದಲ್ಲಿ ಮಾಡಿಕೊಂಡ ಏರ್ಪಾಡು ಅದು. ಆದರೆ ಜನ ಅದನ್ನು ಮರ್ಯಾದೆಯೆಂದೇ ತಿಳಿದಿದ್ದರು. ಇಂಜಿನ್ನಿನ ಮುಂದಿನ ಸೀಟಿನಲ್ಲಿ ಕೂತು ಪೇಟೆಯ ನಡುವೆ ಹೋದವರು ಆ ಮಾತನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು.

ಇದಕ್ಕೆ ಕಲ್ಲು ಹಾಕಿದ್ದು ಹೊಸದಾಗಿ ಬಂದ ಸ್ಟೇಷನ್ ಆಫೀಸರ್ ಜಯಕೀರ್ತಿ. ಕೆಟ್ಟ ಮನುಷ್ಯನೇನಲ್ಲ. ಬೂಟಿನ ಲೇಸಿನಿಂದ ಹಿಡಿದು ನೀರಿನ ಟ್ಯಾಂಕಿನವರೆಗೆ ಎಲ್ಲವೂ ಸರಿಯಾಗಿರಬೇಕು ಎನ್ನುವವರು. ಹಿಂದೆ ಅವರಿದ್ದ ಊರಿನಲ್ಲಿ ಬೆಂಕಿ ಹಚ್ಚಿದವನೇ ಓಡಿಬಂದು ಸುದ್ದಿ ಹೇಳುತ್ತಿದ್ದನಂತೆ. ನಮ್ಮೂರಿನ ಅರಳೆ ಗೋದಾಮು ಸುಟ್ಟು ಬೂದಿಯಾದ ದಿನವೇ ಅವರು ಒಂದು ನಿಯಮ ತಂದರು. ಸುದ್ದಿ ತಂದವರು ಇಂಜಿನ್ನಿನಿಂದ ಇಳಿದು ನೇರ ಪೊಲೀಸ್ ಚೌಕಿಗೆ ಹೋಗಬೇಕು, ಯಾವಾಗ ನೋಡಿದೆ, ಅಲ್ಲಿ ಯಾಕಿದ್ದೆ ಎಂದು ಹೇಳಿಕೆ ಕೊಡಬೇಕು. ಬೆಲ್ಲದ ಕಾಫಿ ನಿಂತುಹೋಯಿತು.

ಅಲ್ಲಿಂದಾಚೆಗೆ ಬಡ ಓಣಿಗಳಿಂದ ಯಾರೂ ಓಡಿಬರಲಿಲ್ಲ. ಟೆಲಿಫೋನ್ ಇದ್ದದ್ದು ಅಂಗಡಿ ಸಾಹುಕಾರರ ಮನೆಗಳಲ್ಲಿ, ಡಾಕ್ಟರ ಹತ್ತಿರ, ಕಚೇರಿಯಲ್ಲಿ. ಅಲ್ಲಿಂದ ಕರೆ ಬರುವಷ್ಟರಲ್ಲಿ ಬೆಂಕಿ ಊರಿಗೆಲ್ಲ ಕಾಣುತ್ತಿರುತ್ತಿತ್ತು.

ಓಡಿಬಂದವನು ಅಪ್ಪ ಒಬ್ಬನೇ.

ಮೊದಲು ಕುಲುಮೆ ಓಣಿಯ ಇದ್ದಿಲ ರಾಶಿ. ನನ್ನೆದುರಿನ ಟೆಲಿಫೋನ್ ಸದ್ದಿಲ್ಲದೆ ಕೂತಿತ್ತು. ಅಪ್ಪ ಹಿತ್ತಲ ಕಡೆಯಿಂದ ಏದುಸಿರು ಬಿಡುತ್ತ ಬಂದು, ‘ಕುಲುಮೆ ಓಣಿ! ಗಾಡಿ ತೆಗೀರ್ರಪ್ಪಾ!’ ಎಂದು ಕೂಗಿದ. ಇಂಜಿನ್ ಹೋಯಿತು, ಬೆಂಕಿ ಆರಿತು. ಅಪ್ಪ ಚೌಕಿಗೆ ಹೋಗಿ, ‘ನಾನೇ ನೋಡಿದ್ದು’ ಎಂದು ಹೇಳಿಕೆ ಕೊಟ್ಟು ಬಂದ. ಎಷ್ಟಾದರೂ ಹಳೆಯ ಕಾವಲುಗಾರ, ಯಾರೂ ಏನೂ ಅನ್ನಲಿಲ್ಲ. ಕೆಲವೇ ದಿನಕ್ಕೆ ಚಾಪೆ ಹೆಣೆಯುವವರ ಕೊಟ್ಟಿಗೆ. ಮತ್ತೆ ಅಪ್ಪ. ಅದಾದ ಮೇಲೆ ಕೆರೆಯ ಕೆಳಗಿನ ಹುಲ್ಲಿನ ಬಣವೆ. ಮತ್ತೂ ಅಪ್ಪನೇ.

ಮೂರನೆಯ ಸಲ ಪೈಪುಗಳನ್ನು ಗೋಪುರಕ್ಕೆ ಏರಿಸುತ್ತಿದ್ದಾಗ ಜಯಕೀರ್ತಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

‘ನಿಮ್ಮ ತಂದೆ ಈಗಲೂ ಗೋಪುರ ಹತ್ತುತ್ತಾರಾ?’

‘ಬೀಗದ ಕೈ ನಿಮ್ಮ ಹತ್ತಿರಾನೇ ಇದೆಯಲ್ಲ ಸಾರ್.’

‘ಅದಕ್ಕೇ ಕೇಳಿದೆ,’ ಎಂದರು. ಪೈಪುಗಳಿಂದ ತೊಟ್ಟಿಕ್ಕುವ ನೀರಿನ ಕಡೆ ನೋಡುತ್ತ, ‘ಗೋಪುರಕ್ಕೆ ಮತ್ತೆ ಕಾವಲುಗಾರ ಬೇಕು ಅಂತ ಪೇಟೆಯಲ್ಲಿ ಮಾತಾಡ್ತಿದ್ದಾರಂತೆ. ನೀವೂ ಕೇಳಿರಬೇಕು,’ ಎಂದರು. ಅಷ್ಟು ಹೇಳಿ ಹೊರಟುಹೋದರು.

ಕೇಳಿದ್ದೆ. ಅವರು ಹೇಳುವ ಮೊದಲೇ ನನ್ನ ತಲೆಯಲ್ಲಿ ಅದು ಕೊರೆಯಲು ಶುರುವಾಗಿತ್ತು. ಬೆಂಕಿ ಹೆಚ್ಚಾದಷ್ಟೂ ಗೋಪುರ ಬೇಕು, ಗೋಪುರ ಬೇಕಾದರೆ ಮುದ್ದವೀರಯ್ಯ ಬೇಕು. ಅಪ್ಪ ಇಂಜಿನ್ನಿನಲ್ಲಿ ಕೂತು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಬೆನ್ನು ನೆಟ್ಟಗೆ, ಮುಖದಲ್ಲಿ ಹೊಳಪು. ಹುದ್ದೆ ಹೋದಂದಿನಿಂದ ಮನೆಯಲ್ಲಿ ಆ ಮುಖ ನಾನು ಕಂಡಿರಲಿಲ್ಲ. ಆ ಸುಖಕ್ಕಾಗಿ ಮನುಷ್ಯ ಒಂದು ಕಡ್ಡಿ ಗೀರಿದರೂ ಗೀರಿಯಾನು ಎಂದು ಅನ್ನಿಸಿತು. ಅನ್ನಿಸಿದ ಕೂಡಲೇ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಾಚಿಕೆಯಾಯಿತೆಂದು ಅನುಮಾನವೇನೂ ಹೋಗಲಿಲ್ಲ.

ನಾನು ಅಪ್ಪನ ಮೇಲೆ ಕಣ್ಣಿಡತೊಡಗಿದೆ. ಕಣ್ಣಿಟ್ಟವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಬಟ್ಟೆ ಒಗೆಯುವಾಗ ಅವನ ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಅಪ್ಪ ಬೀಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಧ್ಯಾಹ್ನ ಉಂಡು ಮಲಗುವ ಬದಲು ಎಲ್ಲೋ ಹೋಗಿಬಿಡುತ್ತಿದ್ದ. ಕೇಳಿದರೆ, ‘ಮಠದ ಜಗಲೀಲಿ ಕೂತಿದ್ದೆ’ ಎನ್ನುತ್ತಿದ್ದ. ಮಠದ ಅಡುಗೆಯವರನ್ನು ಸುಮ್ಮನೆ ವಿಚಾರಿಸಿದೆ. ‘ನಿಮ್ಮಪ್ಪಾರಾ? ಹಬ್ಬಕ್ಕೆ ಬಂದವರು ಆಮೇಲೆ ಈ ಕಡೆ ತಲೆ ಹಾಕಿಲ್ಲ’ ಎಂದರು. ಹಿತ್ತಲ ಕಿಟಕಿಯ ಹತ್ತಿರ ಯಾರೋ ಪಿಸುಗುಟ್ಟುವುದು ಎರಡು ಸಲ ಕಿವಿಗೆ ಬಿತ್ತು. ನಾನು ಹೋಗುವಷ್ಟರಲ್ಲಿ ಅಪ್ಪ ಒಬ್ಬನೇ ನಿಂತು ನುಗ್ಗೆಮರವನ್ನು ನೋಡುತ್ತಿದ್ದ. ನುಗ್ಗೆಮರದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನಮ್ಮ ಡ್ರೈವರ್ ಕಲಂದರ್ ಸಾಬರನ್ನೂ ಮಾತಿಗೆಳೆದೆ.

‘ಅಪ್ಪ ಗಾಡೀಲಿ ಕೂತಾಗ ದಾರಿ ಸರಿಯಾಗಿ ಹೇಳ್ತಾರಾ ಸಾಬರೇ?’

ಸಾಬರು ನಕ್ಕರು. ‘ದಾರೀನಾ? ಓಣಿ ಹೆಸ್ರು ಹೇಳ್ತಾರೆ, ಅಷ್ಟೇ. ಒಳಗೆ ಹೋದ್ಮೇಲೆ ಅವ್ರೂ ನನ್ನಂಗೇ ಕತ್ತು ಚಾಚಿ ನೋಡ್ತಾರೆ. ತಿರುವಲ್ಲಿ ಇಳಿದು, ಎಲ್ರಪ್ಪಾ ಬೆಂಕಿ ಅಂತ ಜನರನ್ನ ಕೇಳ್ತಾರೆ.’

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಸಮಾಧಾನಪಡುತ್ತಿದ್ದರು. ಹಚ್ಚಿದವನಿಗೆ ಜಾಗ ಗೊತ್ತಿರುವುದಿಲ್ಲವೇ? ನಾನು ಮಾತ್ರ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಾಟಕ ಆಡುತ್ತಿದ್ದಾನೆ ಎಂದುಕೊಂಡೆ. ಅನುಮಾನ ಒಮ್ಮೆ ಮನೆಯೊಳಗೆ ಕಾಲಿಟ್ಟರೆ ಎಲ್ಲವೂ ಅದರ ಕಡೆಯೇ ಸಾಕ್ಷಿ ಹೇಳುತ್ತದೆ.

ಕೊನೆಗೆ ಒಂದು ಸಂಜೆ ಮುದ್ದೆ ಬಡಿಸಿ, ಅಪ್ಪನೆದುರು ಕೂತು ನೇರವಾಗಿ ಕೇಳಿಯೇಬಿಟ್ಟೆ. ‘ಅಪ್ಪಾ, ಎಲ್ಲರಿಗಿಂತ ಮೊದಲು ನಿಂಗೆ ಹೆಂಗೆ ಗೊತ್ತಾಗುತ್ತೆ?’

‘ಮೂಗೈತಲ್ಲವ್ವ.’

‘ಕೆರೆ ಕೆಳಗಿನ ಬಣವೆ ಹೊಗೆ ಇಲ್ಲೀವರೆಗೂ ಬರುತ್ತಾ?’

‘ಗಾಳಿ ಈ ಕಡೀಕಿತ್ತು.’

‘ಅವತ್ತು ಗಾಳೀನೇ ಇರ್ಲಿಲ್ಲ.’

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ನನ್ನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

‘ನೀನೂ ಹಂಗೇ ಅಂದ್ಕಂಡಿದೀಯಾ?’ ಎಂದ.

‘ಅಲ್ಲ ಅಂತ ಹೇಳು, ಬಿಟ್ಟುಬಿಡ್ತೀನಿ.’

‘ಅಲ್ಲ.’

‘ಹಂಗಾದ್ರೆ ಹೆಂಗೆ ಗೊತ್ತಾಯ್ತು ಅಂತಾನೂ ಹೇಳು.’

‘ಅದ್ನ ಕೇಳ್ಬ್ಯಾಡ,’ ಎಂದು ಎದ್ದು ಕೈ ತೊಳೆದುಕೊಂಡ. ಅರ್ಧ ಮುದ್ದೆ ತಟ್ಟೆಯಲ್ಲಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಚೌಕಿಯಿಂದ ಪೇದೆ ಬಂದ. ಕಾವಲುಗಾರ ಮುದ್ದವೀರಯ್ಯನಿಗೆ ಬೆಂಕಿ ಬಿದ್ದದ್ದು ಹೇಗೆ ತಿಳಿಯುತ್ತದೆ ಎಂದು ಹೇಳಬೇಕಂತೆ. ಹೇಳದಿದ್ದರೆ ಮೂರೂ ಬೆಂಕಿಯನ್ನು ಅವನ ತಲೆಗೆ ಕಟ್ಟಿ ಕೇಸು ಹಾಕುತ್ತಾರಂತೆ. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನೆಂಟರ ಮನೆಗೆ ಹೊರಟವನ ಹಾಗೆ ಹೊರಟ. ‘ಬತ್ತೀನವ್ವ’ ಎಂದ. ಅಪ್ಪ ಜೈಲಿಗೆ ಹೋಗುತ್ತಾನೆ ಎಂಬ ಭಯ ಒಂದು ಕಡೆ, ಹೋಗಬೇಕಾದವನೇ ಇರಬಹುದು ಎಂಬ ಭಯ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು ಸುಡುತ್ತಿತ್ತು.

ಮಧ್ಯಾಹ್ನವಾದರೂ ಅವನು ಬರಲಿಲ್ಲ. ಬಿಸಿಲಿಗೆ ಸ್ಟೇಷನ್ನಿನ ಅಂಗಳ ಕಾದುಹೋಗಿತ್ತು. ಸಿಬ್ಬಂದಿಯವರು ನೆರಳಿನಲ್ಲಿ ಕೂತು ಪೈಪಿನ ಜೋಡಣೆಗಳನ್ನು ಉಜ್ಜುತ್ತಿದ್ದರು. ನಾನು ಟೆಲಿಫೋನಿನ ಮುಂದೆ ಕೂತು, ಚೌಕಿಯಿಂದ ಏನಾದರೂ ಸುದ್ದಿ ಬರಬಹುದೆಂದು ಗೇಟಿನ ಕಡೆಯೇ ನೋಡುತ್ತಿದ್ದೆ. ಆಗ ಒಬ್ಬಳು ಹೆಂಗಸು ಗೇಟಿನ ಹತ್ತಿರ ಬಂದು ನಿಂತಳು. ಮೇದರ ಓಣಿಯ ಚೌಡಕ್ಕ. ನಮ್ಮ ಮನೆಯ ಮೊರ, ಬುಟ್ಟಿಯೆಲ್ಲ ಅವಳ ಕೈಯವೇ. ಒಳಗೆ ಬರಲಿಲ್ಲ. ಹಿತ್ತಲ ಕಡೆ ಹೋದಳು, ತಿರುಗಿ ಬಂದಳು, ಮತ್ತೆ ಗೇಟಿನ ಕಂಬ ಹಿಡಿದು ನಿಂತಳು.

ನಾನೇ ಎದ್ದು ಹೋದೆ. ‘ಏನು ಚೌಡಕ್ಕ?’

‘ಏನಿಲ್ಲ ಕಣವ್ವ. ಅಯ್ಯಾರಿಲ್ವಾ? ಕಿಟಕೀತಾವ ಕರೆದೆ, ಓಗೊಡ್ಲಿಲ್ಲ.’

ಹಿತ್ತಲ ಕಿಟಕಿ. ಅವಳನ್ನೇ ದಿಟ್ಟಿಸಿದೆ. ಕಾಲಿನಲ್ಲಿ ಚಪ್ಪಲಿಯಿಲ್ಲ, ಎದೆ ತಿದಿಯ ಹಾಗೆ ಏರಿಳಿಯುತ್ತಿದೆ. ಸೆರಗಿನಿಂದ ಹೊಗೆಯ ವಾಸನೆ ಬಂತು. ಒಲೆಯ ಹೊಗೆಯಲ್ಲ, ಹಸಿ ಬಿದಿರು ಸುಡುವ ಘಾಟು.

‘ಎಲ್ಲಿ ಬೆಂಕಿ?’ ಎಂದೆ.

ಅವಳು ಹೆದರಿ ಹಿಂದೆ ಸರಿದಳು. ‘ನಂಗೊತ್ತಿಲ್ಲವ್ವ, ನಾನೇನೂ ನೋಡಿಲ್ಲ. ಅಯ್ಯಾರೆಲ್ಲಿ, ಅಷ್ಟು ಹೇಳು.’

‘ಅಪ್ಪನ್ನ ಚೌಕೀಲಿ ಕೂರಿಸಿದಾರೆ. ಬೆಂಕಿ ಹಚ್ಚಿದ್ದು ಅವನೇ ಅಂತೆ.’

ಚೌಡಕ್ಕ ‘ಅಯ್ಯೋ ಶಿವನೇ,’ ಎಂದು ಕಂಬದ ಬುಡದಲ್ಲಿ ಕುಸಿದಳು. ‘ಅಯ್ಯಾರು ಏನೂ ನೋಡಿಲ್ಲ ಕಣವ್ವ, ನಾವೇ ಹೇಳ್ತಿದ್ದದ್ದು! ಗೋದಾಮಿನ ಬೆಂಕಿ ಹೇಳಕ್ಕೆ ಬಂದಿದ್ದ ನನ್ ಮಗ ಗಿರಿಯನ್ನ ಚೌಕೀಲಿ ಹೊತ್ತು ಮುಳುಗೋಗಂಟ ಕೂರಿಸ್ಕಂಡು, ನೀನೇ ಹಚ್ಚಿದ್ದು ಒಪ್ಕೋ ಒಪ್ಕೋ ಅಂತ ಬಡಿದ್ರು. ಆಮ್ಯಾಕೆ ಇನ್ಯಾರು ಬತ್ತಾರೆ ಹೇಳು? ಅಯ್ಯಾರೇ ಓಣಿ ಓಣಿಗೂ ಬಂದು ಹೇಳೋದ್ರು. ನನ್ ಕಿವೀಗೆ ಹಾಕಿ ಸಾಕು, ಗಾಡಿ ಹತ್ತೋನು ನಾನು, ನಿಮ್ ಹೆಸ್ರು ಸತ್ರೂ ಬಾಯಲ್ಲಿ ಬರಲ್ಲ ಅಂತ.’

ಮಠದ ಜಗಲಿ, ಪಿಸುಮಾತು, ತಿರುವಿನಲ್ಲಿ ಇಳಿದು ದಾರಿ ಕೇಳುವುದು, ಎಲ್ಲವೂ ಒಂದೇ ಏಟಿಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಬೆಂಕಿಪೊಟ್ಟಣ ಒಂದು ಉಳಿಯಿತು. ಓಣಿಯ ಗೆಳೆಯರ ಜೊತೆ ಕೂತು ಮತ್ತೆ ಬೀಡಿ ಸೇದುತ್ತಿದ್ದನೆಂದು ಆಮೇಲೆ ಗೊತ್ತಾಯಿತು, ಅದಕ್ಕೆ ಬೇರೆಯೇ ಜಗಳವಾಯಿತು. ಆದರೆ ಆ ಕ್ಷಣದಲ್ಲಿ ನನಗೆ ಅಳುವಷ್ಟು ಸಂತೋಷವಾಯಿತು. ಅಳಲು ಹೊತ್ತಿರಲಿಲ್ಲ.

‘ನಿಮ್ಮ ಓಣೀಲೇನಾ?’

ಅವಳು ತಲೆಯಾಡಿಸಿದಳು. ‘ಹಿಂದ್ಲ ಬಿದಿರು ಮೆದೆ. ಗಂಡಸ್ರು ಸೊಪ್ಪು ತಗಂಡು ಬಡೀತಾವ್ರೆ.’

ನಾನು ಓಡಿಬಂದು ಎಚ್ಚರಿಕೆ ಗಂಟೆಯ ಗುಂಡಿ ಒತ್ತಿದೆ. ಸಿಬ್ಬಂದಿಯವರು ಎದ್ದೋಡಿದರು. ಜಯಕೀರ್ತಿ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಹೊರಗೆ ಬಂದರು.

‘ಫೋನ್ ಬಂತಾ?’

‘ಇಲ್ಲ ಸಾರ್. ಮೇದರ ಓಣಿ, ಬಿದಿರು ಮೆದೆ.’

‘ಸುದ್ದಿ ತಂದವರು ಯಾರು?’

ಗೇಟಿನ ಕಂಬದ ಹಿಂದೆ ಚೌಡಕ್ಕನ ಸೆರಗಿನ ತುದಿ ಕಾಣುತ್ತಿತ್ತು. ‘ನಾನೇ,’ ಎಂದೆ.

‘ನಿಮಗೆ ಹೇಗೆ ಗೊತ್ತು?’

‘ಮೊದಲು ಗಾಡಿ ಹೊರಡಲಿ ಸಾರ್. ಹೇಳಿಕೆ ಆಮೇಲೆ ತಾನೇ?’

ಅವರು ಇನ್ನೊಬ್ಬನನ್ನು ಟೆಲಿಫೋನಿನ ಮುಂದೆ ಕೂರಿಸಿದರು. ಮುಂದಿನ ಸೀಟಿನ ಬಾಗಿಲನ್ನು ತಾವೇ ತೆಗೆದರು. ಅಷ್ಟು ವರ್ಷ ಆ ಇಂಜಿನ್ನಿನ ಪಕ್ಕದಲ್ಲೇ ಬದುಕಿದ್ದರೂ ನಾನು ಅದನ್ನು ಹತ್ತಿದ್ದು ಅದೇ ಮೊದಲು. ಸೀಟು ಕಾದ ಕಾವಲಿಯಂತೆ ಸುಡುತ್ತಿತ್ತು. ಪೇಟೆಯಲ್ಲಿ ಜನ ದಾರಿ ಬಿಟ್ಟು ನಿಂತು ನನ್ನ ಮುಖ ನೋಡಿದರು. ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳುವುದೂ ಕಾಣಿಸಿತು. ಏನು ಹೇಳಿರಬಹುದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಮೇದರ ಓಣಿಯ ಬಾಯಿಗೆ ಬರುವಷ್ಟರಲ್ಲಿ ಬೆಂಕಿ ಮೆದೆಯನ್ನು ದಾಟಿ ಸೂರುಗಳಿಗೆ ಹತ್ತಿತ್ತು. ಬಿದಿರಿನ ಗಿಣ್ಣುಗಳು ಪಟಾಕಿಯಂತೆ ಸಿಡಿಯುತ್ತಿದ್ದವು. ಪೈಪು ಎಳೆದರು, ನೀರು ಹಾರಿಸಿದರು, ಜಯಕೀರ್ತಿಯೇ ಒಂದು ಗುಡಿಸಲಿಗೆ ನುಗ್ಗಿ ಒಬ್ಬ ಮುದುಕಿಯನ್ನು ಎತ್ತಿಕೊಂಡು ಬಂದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಓಣಿಯ ಮುಕ್ಕಾಲು ಭಾಗ ಉಳಿಯಿತು. ಹಿಂದಿನ ಸಾಲಿನ ನಾಲ್ಕು ಮನೆ ಉಳಿಯಲಿಲ್ಲ. ಅದರಲ್ಲೊಂದು ಚೌಡಕ್ಕನದು. ಅವಳು ಅಲ್ಲಿ ಗೇಟಿನ ಕಂಬ ಹಿಡಿದು ಅಪ್ಪನನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಅವಳ ಮನೆಗೆ ಬೆಂಕಿ ಹತ್ತಿತ್ತು. ಮಗ ಗಿರಿಯಪ್ಪ ಅರ್ಧ ಸುಟ್ಟ ಮೊರದ ಕಂತೆಯೊಂದನ್ನು ಹಿಡಿದುಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದ. ಬೆಂಕಿ ಶುರುವಾದದ್ದು ಅಂಟು ಕಾಸುವ ಒಲೆಯ ಕಿಡಿಯಿಂದಂತೆ. ಯಾರೂ ಹಚ್ಚಿರಲಿಲ್ಲ.

ಅಲ್ಲಿಂದ ನಾನು ನೇರ ಚೌಕಿಗೆ ಹೋದೆ. ನಿಯಮ ನಿಯಮವೇ. ಅಪ್ಪ ಗೋಡೆಯ ಬದಿಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಹಾಗೇ ಕೂತಿದ್ದ. ಒಗೆದ ಅಂಗಿ ಬೆವರಿಗೆ ಮೈಗಂಟಿತ್ತು. ಮಸಿ ಹತ್ತಿದ ನನ್ನ ಮುಖವನ್ನು ಕಂಡು ಅರ್ಧ ಎದ್ದ.

‘ನೀವು ಸುದ್ದಿ ತಂದವರಾ?’ ಎಂದು ದಫೇದಾರ ಕೇಳಿದ.

‘ಹೌದು.’

‘ನಿಮಗ್ಯಾರು ಹೇಳಿದ್ರು?’

ಅಪ್ಪ ನೆಲ ನೋಡುತ್ತಿದ್ದ. ಅವನ ಕಿವಿ ಮಾತ್ರ ನನ್ನ ಕಡೆಗಿತ್ತು.

‘ಯಾರೂ ಹೇಳಲಿಲ್ಲ. ನಾನೇ ನೋಡಿದೆ.’

‘ಫೋನಿನ ಮುಂದೆ ಕೂತಿದ್ದವರು ಮೇದರ ಓಣಿ ನೋಡಿದ್ರಾ?’

‘ನೋಡಿದೆ.’

ದಫೇದಾರ ಪೆನ್ನು ಕೆಳಗಿಟ್ಟ. ‘ಅಪ್ಪ ಮಗಳು ಸೇರಿ ಚೆನ್ನಾಗಿ ಆಡ್ತೀರಿ. ಕೂತಿರಿ ಇಬ್ರೂ, ಸಾಹೇಬ್ರು ಬರ್ಲಿ. ಕತ್ತಲಾಗ್ಲಿ, ಬೆಳಗಾಗ್ಲಿ, ಹೆಸರು ಹೇಳೋವರೆಗೂ ಏಳಂಗಿಲ್ಲ.’

ನಾನು ಅಪ್ಪನ ಪಕ್ಕ ಕೂತೆ. ಆಮೇಲೆ ಅವನು ತುಟಿ ಅಲುಗಿಸದೆ ಕೇಳಿದ, ‘ಏಟು ಮನೆ ಹೋದ್ವು?’

‘ನಾಕು. ಚೌಡಕ್ಕಂದೂ.’

ಅಪ್ಪ ಕಣ್ಣು ಮುಚ್ಚಿಕೊಂಡ. ಬೆಂಚಿನ ಮೇಲೆ ಅವನ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಬಿಗಿಯಾಗಿ ಹಿಡಿಯಿತು. ನಾನು ಅವನ ಮೇಲೆ ಅನುಮಾನಪಟ್ಟಿದ್ದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಅದರ ಮಾತು ಇಬ್ಬರೂ ಎತ್ತಲಿಲ್ಲ.

ಚೌಕಿಯ ಬಾಗಿಲಿನಿಂದ ಎದುರಿನ ಹುಣಸೆಮರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇದರ ಓಣಿಯ ಜನ ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ನಿಂತರು. ಯಾರೂ ರಸ್ತೆ ದಾಟಲಿಲ್ಲ. ನಮ್ಮನ್ನು ನೋಡಿದರು, ದಫೇದಾರನನ್ನು ನೋಡಿದರು, ನೆಲ ನೋಡಿದರು. ಗಿರಿಯಪ್ಪ ತಾಯಿಯ ತೋಳು ಹಿಡಿದುಕೊಂಡಿದ್ದ. ಅವಳು ಅವನ ಕೈಯನ್ನು ಮೆಲ್ಲಗೆ ಬಿಡಿಸಿದಳು.

ಚೌಡಕ್ಕ ಒಬ್ಬಳೇ ರಸ್ತೆ ದಾಟಿ ಬಂದಳು. ಮೆಟ್ಟಿಲ ಹತ್ತಿರ ನಿಂತಳು. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಒಳಗೆ ಬಂದಳು.

‘ಸುದ್ದಿ ತಂದೋಳು ನಾನು ಸ್ವಾಮಿ. ಅದೇನು ಕೇಳ್ತೀರೋ ನನ್ನ ಕೇಳಿ.’

ದಫೇದಾರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಂಚಿನ ಕಡೆ ಕೈ ತೋರಿಸಿದ. ಅದು ಇಬ್ಬರಿಗಾಗುವಷ್ಟು ಬೆಂಚು. ಅಪ್ಪ ಗೋಡೆಗೆ ಒತ್ತಿ ಸರಿದ, ನಾನು ಅಪ್ಪನಿಗೆ ಒತ್ತಿ ಸರಿದೆ. ಚೌಡಕ್ಕ ಬಂದು ನನ್ನ ಪಕ್ಕ ಕೂತಳು.